ಗೆರೆ ಮೀರಿದ ಎಣ್ಣೆ

ಎಣ್ಣೆ ಹೆಚ್ಚುತ್ತಿದೆ ಎನ್ನುವುದು ಕಾಂತಾಳ ಚಿಂತೆಯಾಗಿತ್ತು. ಅದನ್ನು ಯಾರ ಮುಂದೆ ಹೇಳಿದರೂ ನಗುತ್ತಿದ್ದರು. ವ್ಯಾನು ಇಟ್ಟುಕೊಂಡವರ ಮನೆಯಲ್ಲಿ ಎಣ್ಣೆ ಕಡಿಮೆಯಾಯಿತೆಂದು ಚಿಂತೆ ಇರಬಹುದು, ಟೈರು ಸವೆಯಿತೆಂದು ಇರಬಹುದು, ಹೊಗೆ ಕಪ್ಪಾಯಿತೆಂದು ಇರಬಹುದು. ಇಂಜಿನ್ನಿನ ಹೊಟ್ಟೆಯಲ್ಲಿ ಎಣ್ಣೆ ತಾನಾಗಿ ಏರುತ್ತಿದೆ ಎಂದು ರೊಟ್ಟಿ ಬಿಟ್ಟು ಕೂತ ಹೆಂಗಸನ್ನು ಖಾನಾಪುರ ಅಲ್ಲಿಯ ತನಕ ಕಂಡಿರಲಿಲ್ಲ.

೧೯೮೪ರ ಶ್ರಾವಣ ಅದು. ಅವಳ ಗಂಡ ಈರಣ್ಣ ಪ್ರತಿ ಸೋಮವಾರ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅದೇ ಬೆರಳುಗಳಿಂದ ವ್ಯಾನಿನ ಮೋರೆಗೂ ಮೂರು ಪಟ್ಟೆ ಎಳೆಯುತ್ತಿದ್ದ. ಆ ವ್ಯಾನಿಗೆ ಮುಂದೆ ಮೂತಿ ಇರಲಿಲ್ಲ. ಅದರ ಡಿಸೇಲ್ ಇಂಜಿನ್ನು ಡ್ರೈವರನ ಸೀಟಿಗೂ ಪಕ್ಕದ ಸೀಟಿಗೂ ನಡುವೆ, ತಗಡಿನ ಮುಚ್ಚಳದ ಕೆಳಗೆ ಕೂತಿರುತ್ತಿತ್ತು. ಈರಣ್ಣ ಮುಚ್ಚಳ ಎತ್ತಿ, ಎಣ್ಣೆ ಅಳೆಯುವ ಉದ್ದನೆಯ ಕಡ್ಡಿಯನ್ನು ಹೊರಗೆಳೆದು, ಚಿಂದಿಯಿಂದ ಒರೆಸಿ, ಮತ್ತೆ ಅದ್ದಿ ತೆಗೆದು ಬೆಳಕಿಗೆ ಹಿಡಿಯುತ್ತಿದ್ದ. ಕಡ್ಡಿಗೆ ಎರಡು ಗೆರೆ. ಎಣ್ಣೆ ಕೆಳಗಿನದಕ್ಕಿಂತ ಇಳಿಯಬಾರದು, ಮೇಲಿನದನ್ನು ದಾಟಬಾರದು. ಆಷಾಢದ ನಡುವಿನ ಒಂದು ಸೋಮವಾರ ಎಣ್ಣೆ ಮೇಲಿನ ಗೆರೆಗೆ ಸರಿಯಾಗಿ ನಿಂತಿತ್ತು. ಮುಂದಿನ ವಾರ ಒಂದು ಜೋಳದ ಕಾಳಿನಷ್ಟು ಮೇಲೆ. ಅದರ ಮುಂದಿನ ವಾರ, ಶ್ರಾವಣದ ಮೊದಲ ಸೋಮವಾರ, ಒಂದು ಬೆರಳು ಮೇಲೆ. ಯಾರೂ ಒಂದು ತೊಟ್ಟು ಹೊಯ್ದಿರಲಿಲ್ಲ.

"ನೋಡ ಕಾಂತಾ," ಈರಣ್ಣ ಕಡ್ಡಿಯನ್ನು ಊದಿನಕಡ್ಡಿಯ ಹಾಗೆ ಎತ್ತಿ ಹಿಡಿದಿದ್ದ. "ಮಂದಿ ಇಂಜಿನ್ ಎಣ್ಣಿ ಕುಡಿತಾವು. ನಮ್ಮದು ಎಣ್ಣಿ ಹಡಿತೈತಿ!"

ಅವನ ತಾಯಿ ಕಾಶವ್ವ ಹೊಸ್ತಿಲಲ್ಲೇ ನಿಂತು ಕೈ ಮುಗಿದಳು. "ಶ್ರಾವಣ ಸೋಮಾರ ಕೊಟ್ಟಾನಪಾ ಶಿವಾ. ಕೊಟ್ಟದ್ದನ್ನ ತಗದು ಚೆಲ್ಲಬ್ಯಾಡ. ತಿಂಗಳ ಮುಗೀಲಿ."

ಹಳೆಯ ಎಣ್ಣೆ ಇಳಿಸಿ ಹೊಸದು ಹಾಕಬೇಕಾದ ದಿನ ದಾಟಿ ಹೋಗಿತ್ತು. ತಾಯಿಯ ಮಾತು ಮಗನಿಗೂ ಸರಿ ಕಂಡಿತು. ಅಷ್ಟೇ ಅಲ್ಲ, ಕಾಶವ್ವ ಆ ಎಣ್ಣೆಯನ್ನು ಒಂದು ಹಿತ್ತಾಳೆ ಬಟ್ಟಲಿನಲ್ಲಿ ಪ್ರಸಾದದ ಹಾಗೆ ತೆಗೆಸಿಕೊಂಡು ಹಿತ್ತಲ ಬಾಗಿಲಿನ ತಿರುಗಣಿಗೆ ಬಿಟ್ಟಳು, ಉಳಿದದ್ದನ್ನು ಗೂಡಿನಲ್ಲಿಟ್ಟಳು. ಕಾಂತಾ ಬಿಡದೆ ಪೀಡಿಸಿದ ಮೇಲೆ ಈರಣ್ಣ ಬೆಳಗಾವಿಗೆ ಹೋದಾಗ ಪೀರನವಾಡಿಯ ನಾಗಲಿಂಗ ಮಿಸ್ತ್ರಿಯನ್ನು ಕೇಳಿ ಬಂದಿದ್ದ. ಮಿಸ್ತ್ರಿ ಬೀಡಿ ಕೂಡ ಬಾಯಿಂದ ತೆಗೆಯದೆ, "ಎಣ್ಣಿ ಕಡಿಮಿ ಆದ್ರ ನನ್ನ ಹಂತ್ಯಾಕ ಬಾ. ಹೆಚ್ಚಾದ್ರ ಗುಡೀಗೆ ಹೋಗು" ಎಂದನಂತೆ. ಈರಣ್ಣ ಅದನ್ನು ಊರೆಲ್ಲ ಹೇಳಿಕೊಂಡು ನಕ್ಕ. ಕಾಂತಾಳಿಗೆ ನಗು ಬರಲಿಲ್ಲ.

ಚಿಂತೆ ಅವಳಿಗೆ ಹೊಸದೇನಲ್ಲ. ಅವಳು ಬೆಳೆದದ್ದು ಬೆಳಗಾವಿಯ ಟಿಳಕವಾಡಿಯಲ್ಲಿ. ತಂದೆ ಗುರುಪುತ್ರಪ್ಪ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಕೆ ತೊಳೆಯುವ, ಆಮ್ಲದ ಬಾಟಲಿ ಜೋಡಿಸುವ ಕೆಲಸಕ್ಕಿದ್ದರು. ಸೋಸುವ ಕಾಗದಗಳಲ್ಲಿ ಅಂಚು ಹರಿದವನ್ನು ಮನೆಗೆ ತರುತ್ತಿದ್ದರು. ರೊಟ್ಟಿಯ ಹಾಗೆ ದುಂಡಗಿನ ಬಿಳಿ ಕಾಗದ. ಅದರ ನಡುವೆ ಒಂದು ಹನಿ ಮಸಿ ಬಿಟ್ಟು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಒಂದೇ ಹನಿ ಹರಡುತ್ತ ನೀಲಿ, ನೇರಳೆ, ಬೂದು ಎಂದು ಬಳೆ ಬಳೆಯಾಗಿ ಬೇರೆಯಾಗುವುದನ್ನು ತೋರಿಸುತ್ತಿದ್ದರು. "ಕಲಸಿದ್ದು ಕಾಗದದ ಮುಂದ ಮುಚ್ಚಿಕೊಳ್ಳಾಂಗಿಲ್ಲವಾ" ಎನ್ನುತ್ತಿದ್ದರು. ಮಗಳು ಪಿಯುಸಿಯಲ್ಲಿ ವಿಜ್ಞಾನ ಓದಿದಳು. ಪರೀಕ್ಷೆಯ ದಿನ ಮೂರು ಪೆನ್ನು, ಎರಡು ಮಸಿ ದೌತಿ ಒಯ್ಯುತ್ತಿದ್ದವಳು. ಬಾಗಿಲಿಗೆ ಚಿಲಕ ಹಾಕಿ, ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಮುಟ್ಟಿ ನೋಡುತ್ತಿದ್ದವಳು.

ಎಪ್ಪತ್ತೇಳರಲ್ಲಿ ಖಾನಾಪುರದ ಈರಣ್ಣನ ಜೊತೆ ಮದುವೆಯಾಯಿತು. ಎಪ್ಪತ್ತೊಂಬತ್ತರಲ್ಲಿ ಮಗಳು ಗಂಗಾದೇವಿ ಹುಟ್ಟಿದಳು, ಮನೆಯಲ್ಲಿ ಗಂಗಿ. ಎಂಬತ್ತರಲ್ಲಿ ವ್ಯಾನು ಬಂತು. ಬೆಳಿಗ್ಗೆ ಖಾನಾಪುರದಿಂದ ಟಪಾಲು ಚೀಲ, ಪೇಪರು, ಪಾವು-ಬಿಸ್ಕೀಟಿನ ಡಬ್ಬಿ ಹೇರಿಕೊಂಡು ಜಾಂಬೋಟಿಗೆ, ಅಲ್ಲಿಂದ ಕಾಡಿನೊಳಗೆ ಏರಿ ಕಣಕುಂಬಿಗೆ ಹೋಗಿ ಬರುವುದು ಅದರ ಕೆಲಸ. ವ್ಯಾನಿನ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಈರಣ್ಣ ದೇವರ ಫೋಟೋದ ಹಿಂದೆ ಇಟ್ಟಿದ್ದ. ಏಳನೆಯ ಇಯತ್ತೆಯ ತನಕ ಕನ್ನಡ ಸಾಲಿ ಅವನದು. ಕಾಂತಾ ಅದನ್ನು ಇಳಿಸಿ, ಮಧ್ಯಾಹ್ನ ಕೂಸು ಮಲಗಿದ ಮೇಲೆ ಓದಲು ಹಿಡಿದಳು. ನಾಲ್ಕು ಸಿಲಿಂಡರು. ಹೊಟ್ಟೆಯಲ್ಲಿ ಐದೂವರೆ ಲೀಟರು ಎಣ್ಣೆ. ಐದು ಸಾವಿರ ಕಿಲೋಮೀಟರಿಗೊಮ್ಮೆ ಅದನ್ನು ಬದಲಿಸಬೇಕು. ಒಳಗೆ ಎಳೆದ ಗಾಳಿಯನ್ನು ಇಪ್ಪತ್ತೊಂದರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಹಾಗೆ ಒತ್ತಿದ ಗಾಳಿ ಎಷ್ಟು ಕಾಯುತ್ತದೆಂದರೆ ಡಿಸೇಲ್ ಸಿಂಪಡಿಸಿದ ಕೂಡಲೇ ತಾನಾಗಿ ಹೊತ್ತಿಕೊಳ್ಳುತ್ತದೆ.

"ಕಿಡಿನ ಇಲ್ಲಂದ್ರ ಆರಿಸೂದು ಹೆಂಗ್ರಿ?" ಎಂದು ಆಗಲೇ ಕೇಳಿದ್ದಳು.

"ಬಂದ್ ಮಾಡೂ ಗುಂಡಿ ಜಗ್ಗಿದ್ರ ಡಿಸೇಲ್ ನಿಲ್ತೈತಿ. ಹಸದು ಸಾಯ್ತೈತಿ," ಈರಣ್ಣ ಹೇಳಿದ್ದ. "ಅಡಗೀ ಮನ್ಯಾಗ ಇಪ್ಪತ್ತೊಂದಕ್ಕ ಒಂದು ಅನಕೋತ ಕುಂದರಬ್ಯಾಡ. ಪಲ್ಯಾ ಹೊತ್ತತೈತಿ."

ನಿಜ ಹೇಳಬೇಕೆಂದರೆ ಇಂಜಿನ್ನು ಒಳ್ಳೆಯದೇ ಇತ್ತು. ನಾಲ್ಕು ವರ್ಷ, ಒಂದು ಲಕ್ಷಕ್ಕೂ ಹೆಚ್ಚು ಕಿಲೋಮೀಟರು, ಜಾಂಬೋಟಿಯ ನಾಲ್ಕು ಮಳೆಗಾಲ. ಒಮ್ಮೆಯೂ ಅದರ ತಲೆ ಬಿಚ್ಚಿರಲಿಲ್ಲ. ಕೆಟ್ಟದ್ದು ಕಾಂತಾಳ ಹೆಸರು. ಮೊದಲ ವರ್ಷ ಚಳಿಗೆ ಇಂಜಿನ್ನು ಟಕಟಕ ಅಂದಿತೆಂದು ಗಂಡನನ್ನು ಮಿಸ್ತ್ರಿಯ ಹತ್ತಿರ ಅಟ್ಟಿದ್ದಳು. "ಡಿಸೇಲ್ ಟಕಟಕ ಅನ್ನದ ಏನ್ ಭಜನಿ ಮಾಡ್ತೈತೇನು?" ಎಂದು ನಾಗಲಿಂಗ ಕಳಿಸಿದ್ದ. ಆಮೇಲೆ, ಹಿಂದಿನ ಶ್ರಾವಣದಲ್ಲಿ, ವ್ಯಾನು ಎರಡು ತಾಸು ತಡವಾಯಿತೆಂದು ಖಾನಾಪುರದ ಪೋಸ್ಟಿನಿಂದ ಜಾಂಬೋಟಿಯ ಪೋಸ್ಟಿಗೆ ಫೋನು ಹಚ್ಚಿದಳು. ಈರಣ್ಣ ಅಲ್ಲೇ ಎದುರಿನ ಅಂಗಡಿಯಲ್ಲಿ ಮಿರ್ಚಿ ತಿನ್ನುತ್ತಿದ್ದ. ಜಾಂಬೋಟಿಯ ಪೋಸ್ಟ್ ಮಾಸ್ತರ ತಮ್ಮಣ್ಣ ಕಿಟಕಿಯಿಂದ ತಲೆ ಹಾಕಿ, "ಈರಣ್ಣಾ, ಮಿರ್ಚಿ ಸಾಕಂತ, ಮನ್ಯಾಗಿಂದ ಫೋನ್ ಬಂದೈತಿ!" ಎಂದು ಸಂತೆಗೆಲ್ಲ ಕೇಳುವಂತೆ ಕೂಗಿದ. ಆ ಮಾತು ಒಂದು ವರ್ಷ ಈರಣ್ಣನ ಬೆನ್ನು ಬಿಡಲಿಲ್ಲ. ಕಣಕುಂಬಿಯ ದನ ಕಾಯುವವರು ಕೂಡ "ಫೋನ್ ಬಂತೇನೋ?" ಎಂದು ಕೇಳುವಂತಾಯಿತು.

ಅವತ್ತು ಮನೆಗೆ ಬಂದವನು ಬಯ್ಯಲಿಲ್ಲ. ಗಂಗಿಯನ್ನು ಎಳೆದು ನಡುವೆ ನಿಲ್ಲಿಸಿದ. "ಕೂಸಿನ ತಲಿ ಮ್ಯಾಲ ಕೈ ಇಡು. ಇನ್ನ ನನ್ನ ಗಾಡಿ ಹಿಂದ ಫೋನ್ ಮಾಡೂದಿಲ್ಲಂತ ಆಣಿ ಮಾಡು."

ಕಾಂತಾ ಕೈ ಇಟ್ಟಳು. ಆಣೆ ಮಾಡಿದಳು. ಗಂಗಿಯ ಬೈತಲೆಯ ಬಿಸಿ ಇನ್ನೂ ಅವಳ ಅಂಗೈಯಲ್ಲಿತ್ತು. ಆಣೆ ಮುರಿದರೆ ಕೂಸಿಗೆ ತಟ್ಟುತ್ತದೆ ಎಂಬುದನ್ನು ವಿಜ್ಞಾನ ಓದಿದವಳು ನಂಬಬಾರದು. ಆದರೂ ಆ ವರ್ಷ ಗಂಗಿಗೆ ಎರಡು ಸಲ ಜ್ವರ ಬಂದಾಗ, ಮನಸ್ಸಿನಲ್ಲಾದರೂ ಫೋನು ಮುಟ್ಟಿದೆನೇನೋ ಎಂದು ಅವಳು ಹುಡುಕಿಕೊಂಡಿದ್ದಳು.

ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಮಳೆ ಹಿಡಿದುಕೊಂಡು ಸುರಿಯುತ್ತಿತ್ತು. ಹಬ್ಬಕ್ಕೆ ಅಣ್ಣ ತಂಗಿಯನ್ನು ತವರಿಗೆ ಕರೆತರಬೇಕು. ಈರಣ್ಣನ ತಂಗಿ ಪದ್ಮವ್ವ ಇದ್ದದ್ದು ಕಣಕುಂಬಿಯಲ್ಲಿ. ಟಪಾಲು ಮುಟ್ಟಿಸಿ, ಬರುವಾಗ ಅವಳನ್ನು ಕೂರಿಸಿಕೊಂಡು ಬರುವುದೆಂದು ಆಗಿತ್ತು. ಮಳೆಗೆ ಸಾಲಿ ಸೂಟಿ. "ಅತ್ತಿನ್ನ ಕರ್ಯಾಕ ನಾನೂ" ಎಂದು ಗಂಗಿ ಎಂಟಕ್ಕೇ ವ್ಯಾನಿನೊಳಗೆ ಏರಿ, ಇಂಜಿನ್ನಿನ ಮುಚ್ಚಳದ ಮೇಲೆ ಗೋಣಿಚೀಲ ಮಡಿಚಿ ಹಾಕಿಕೊಂಡು ಕೂತುಬಿಟ್ಟಿದ್ದಳು. ಮಳೆಗಾಲದಲ್ಲಿ ಅದು ಅವಳ ಸಿಂಹಾಸನ. ಕೆಳಗಿನಿಂದ ಬೆಚ್ಚಗೆ ಬಿಸಿ ಬರುತ್ತಿತ್ತು.

ಎಂಟೂವರೆಗೆ ಇಂಜಿನ್ನು ಚಾಲೂ ಆಯಿತು. ಕಾಂತಾ ಕೊಡೆ ಹಿಡಿದು ಕಿಟಕಿಯ ಹತ್ತಿರ ನಿಂತು ಮಗಳ ಸ್ವೆಟರಿನ ಗುಂಡಿ ಹಾಕುತ್ತಿದ್ದಳು.

"ಅವ್ವಾ, ನೋಡಿಲ್ಲೆ," ಗಂಗಿ ಸ್ಟೇರಿಂಗಿನ ಹಿಂದೆ ಬೆರಳು ಮಾಡಿದಳು. "ಕೆಂಪು ದೀಪ ನನಗ ಕಣ್ ಹೊಡಿತೈತಿ!"

ಸಣ್ಣ ಕೆಂಪು ದೀಪ ಮಿಣುಕುತ್ತಿತ್ತು. ಹತ್ತುವುದು, ಆರುವುದು, ಹತ್ತುವುದು.

"ಅದೇನ್ರಿ?"

"ಬಲ್ಬ್ ಸಡ್ಲ ಆಗೇತಿ. ಓಡಾಕ ಹತ್ತಿದ್ರ ಆರತೈತಿ." ಈರಣ್ಣ ಎಕ್ಸಲೇಟರಿಗೆ ಒತ್ತು ಕೊಟ್ಟ, ಇಂಜಿನ್ನು ಗುಡುಗಿತು, ದೀಪ ಆರಿತು. "ಹೂಂ, ಸರಿ ಆಚೆ. ನಿನ್ನ ಮುಖಾ ನೋಡಿದ್ರ ಪಂಚಮೀನೂ ಅಮಾಸಿ ಆಕ್ಕೈತಿ."

ವ್ಯಾನು ತಿರುವಿನಲ್ಲಿ ಮರೆಯಾಯಿತು. ಕಾಂತಾ ಒಳಗೆ ಬಂದು ಶೇಂಗಾ ಉಂಡಿ ಕಟ್ಟಲು ಕೂತಳು. ಕೈ ಬೆಲ್ಲದಲ್ಲಿತ್ತು, ಕಣ್ಣಲ್ಲಿ ಕೆಂಪು ದೀಪ. ಆ ದೀಪದ ಅರ್ಥ ಅವಳಿಗೆ ಗೊತ್ತಿತ್ತು. ಇಂಜಿನ್ನಿನ ಕೀಲುಗಳಿಗೆ ಎಣ್ಣೆ ಸಾಕಷ್ಟು ಬಲದಿಂದ ಮುಟ್ಟುತ್ತಿಲ್ಲ ಎಂದಾಗ ಅದು ಹತ್ತುತ್ತದೆ. ಕಡ್ಡಿ ನೋಡಿದರೆ ಎಣ್ಣೆ ಹೆಚ್ಚಾಗಿದೆ. ದೀಪ ನೋಡಿದರೆ ಎಣ್ಣೆ ಸಾಲದು. ಎರಡೂ ಖರೆ ಆಗುವುದು ಹೇಗೆ?

ಹಿತ್ತಲ ಬಾಗಿಲು ಕಿರ್ರೆಂದಿತು. ಕಾಶವ್ವ ಕಟ್ಟಿಗೆ ಹಿಡಿದು ಒಳಗೆ ಬಂದಳು.

"ಸುಟ್ಟ ಬಾಗಲಾ. ಮೊನ್ನೆರ ಎಣ್ಣಿ ಬಿಟ್ಟೇನಿ, ಮತ್ತ ಕಿರಗುಡತೈತಿ. ಮೊದಲೆಲ್ಲಾ ಒಮ್ಮೆ ಗಾಡಿ ಎಣ್ಣಿ ಬಿಟ್ರ ವರ್ಷಗಟ್ಟಲೆ ಬಾಯಿ ಮುಚಗೊಂಡು ಇರತಿತ್ತು."

ಕಾಂತಾಳ ಕೈಯಲ್ಲಿದ್ದ ಉಂಡಿ ಒಡೆಯಿತು.

ಎದ್ದು ಗೂಡಿನಿಂದ ಹಿತ್ತಾಳೆ ಬಟ್ಟಲು ತೆಗೆದಳು. ಅಟ್ಟದ ಕೆಳಗೆ ಎರಡು ವರ್ಷದ ಹಿಂದೆ ಇಂಜಿನ್ನಿನಿಂದ ಇಳಿಸಿದ ಎಣ್ಣೆಯ ಡಬ್ಬಿಯೂ ಇತ್ತು. ತನ್ನ ಟ್ರಂಕಿನ ತಳದಿಂದ ತಂದೆ ಕೊಟ್ಟಿದ್ದ ದುಂಡು ಕಾಗದ ಎರಡು ಆರಿಸಿ ನೆಲದ ಮೇಲೆ ಹಾಸಿದಳು. ಒಂದರ ಮೇಲೆ ಹಳೆಯ ಎಣ್ಣೆಯ ಹನಿ, ಇನ್ನೊಂದರ ಮೇಲೆ ಬಟ್ಟಲಿನ ಹನಿ.

"ನಾಳಿ ಹಬ್ಬಾ, ಏನ್ ಆಟಾ ಇದು?" ಎಂದಳು ಕಾಶವ್ವ.

ಹಳೆಯ ಹನಿ ದಪ್ಪಗೆ, ಕರ್ರಗೆ, ಕುಂಕುಮದ ಬೊಟ್ಟಿನ ಹಾಗೆ ಇದ್ದಲ್ಲೇ ಕೂತಿತು. ಬಟ್ಟಲಿನ ಹನಿ ಕೂರಲಿಲ್ಲ. ನಡುವೆ ಕರಿ ಚುಕ್ಕೆಯನ್ನು ಬಿಟ್ಟು ಅದರೊಳಗಿಂದ ತೆಳ್ಳನೆಯ, ಹಳದಿ ಅಂಚಿನ ಬಳೆಯೊಂದು ಹೊರಬಿದ್ದು ಅಗಲವಾಗುತ್ತ, ಅಗಲವಾಗುತ್ತ ಕಾಗದದ ಅರ್ಧ ತಿಂದಿತು. ಕಾಂತಾ ಬಗ್ಗಿ ಆ ಬಳೆಯನ್ನು ಮೂಸಿದಳು. ಡಿಸೇಲ್.

ದೇವರ ಫೋಟೋದ ಹಿಂದಿನ ಪುಸ್ತಕಕ್ಕೆ ಕೈ ಹಾಕಿದಳು. ಕೊನೆಯಲ್ಲಿ ದೋಷಗಳ ಕೋಷ್ಟಕವಿತ್ತು. ನೂರು ಸಲ ಓದಿದ ಪುಟ. ಶಬ್ದ, ಹೊಗೆ, ಕಾವು, ಎಣ್ಣೆ ಇಳಿಯುವುದು, ಎಲ್ಲದರ ಕೆಳಗೂ ಪೆನ್ಸಿಲ್ಲಿನ ಗೆರೆ ಎಳೆದಿದ್ದಳು. ಎಣ್ಣೆ ಏರುವುದು ಎಂಬ ಸಾಲಿಗೆ ಮಾತ್ರ ಗೆರೆ ಇರಲಿಲ್ಲ. ಹೆಚ್ಚಾಗುವುದಕ್ಕೆ ಯಾರು ಹೆದರುತ್ತಾರೆಂದು ದಾಟಿ ಹೋಗಿದ್ದಳು. ಈಗ ಓದಿದಳು. ಟಾಕಿಯಿಂದ ಡಿಸೇಲ್ ಎತ್ತುವ ಸಣ್ಣ ಪಂಪಿನೊಳಗೆ ಒಂದು ರಬ್ಬರಿನ ಪೊರೆ ಇರುತ್ತದೆ; ಅದು ಹರಿದರೆ ಡಿಸೇಲ್ ಸೋರಿ ಎಣ್ಣೆಗೆ ಸೇರುತ್ತದೆ. ಎಣ್ಣೆ ತೆಳುವಾಗಿ ಕೀಲುಗಳು ಕಚ್ಚಿಕೊಳ್ಳಬಹುದು. ಮಟ್ಟ ತೀರ ಏರಿದರೆ ಇಂಜಿನ್ನು ಆ ಎಣ್ಣೆಯನ್ನೇ ಗಾಳಿಯ ದಾರಿಯಿಂದ ಎಳೆದುಕೊಂಡು ಉರಿಸತೊಡಗಬಹುದು; ಆಗ ಡಿಸೇಲ್ ಬಂದ್ ಮಾಡಿದರೂ ಅದು ನಿಲ್ಲುವುದಿಲ್ಲ, ಗಾಳಿ ಎಳೆಯುವ ಬಾಯಿ ಮುಚ್ಚದಿದ್ದರೆ ಹುಚ್ಚು ಹಿಡಿದಂತೆ ಓಡಿ ಒಡೆಯುತ್ತದೆ. ಇಂಜಿನ್ನು ಚಾಲೂ ಮಾಡಲೇಬಾರದು.

ಹಸಿದು ಸಾಯುತ್ತದೆ ಎಂದಿದ್ದ ಈರಣ್ಣ. ಹೊಟ್ಟೆಯಲ್ಲೇ ಊಟವಿದ್ದರೆ ಅದು ಹಸಿಯುವುದೆಲ್ಲಿ? ಅದರ ಮೇಲೆ, ಗೋಣಿಚೀಲ ಹಾಸಿಕೊಂಡು, ಗಂಗಿ ಕೂತಿದ್ದಳು.

ಗೋಡೆಯ ಗಡಿಯಾರ ಒಂಬತ್ತು ಹತ್ತು ತೋರಿಸುತ್ತಿತ್ತು. ಈ ಮಳೆಯಲ್ಲಿ ವ್ಯಾನು ಒಂಬತ್ತೂ ಕಾಲಿಗೆ ಜಾಂಬೋಟಿ ಮುಟ್ಟುತ್ತದೆ. ಟಪಾಲು ಬಿಚ್ಚಿ ಕಣಕುಂಬಿಯ ಚೀಲ ಕಟ್ಟಿಕೊಡಲು ತಮ್ಮಣ್ಣನಿಗೆ ಅರ್ಧ ತಾಸು. ಆಮೇಲೆ ಏರು ದಾರಿ, ತಿರುವು, ತುಂಬಿ ಹರಿಯುವ ಹಳ್ಳ. ಕೂಗಿದರೆ ಕೇಳುವ ಮನೆ ಒಂದೂ ಇಲ್ಲ.

"ಅತ್ತೀ, ನಾ ಪೋಸ್ಟಿಗೆ ಹೋಗಿ ಬರ್ತೇನ್ರಿ."

ಕಾಶವ್ವ ಬಾಗಿಲಿಗೆ ಅಡ್ಡ ಬಂದಳು. "ಯಾಕ? ಫೋನಿಗೇನು? ಕೂಸಿನ ತಲಿ ಮುಟ್ಟಿ ಆಣಿ ಮಾಡಿದಾಕಿ ನೀನು. ಇವತ್ತ ಕೂಸು ದಾರ್ಯಾಗ ಐತಿ, ಇವತ್ತ ಮುರೀತಿಯೇನು?"

"ದಾರ್ಯಾಗ ಐತಂತನ ಹೊಂಟೇನ್ರಿ. ಅದು ಶಿವ ಕೊಟ್ಟ ಎಣ್ಣಿ ಅಲ್ರಿ ಅತ್ತೀ, ಡಿಸೇಲ್. ಒಳಗ ಸೋರಾಕತ್ತೈತಿ. ಅದಕ್ಕ ನಿಮ್ಮ ಬಾಗಲಾ ಸುಮ್ಮನಾಗವಲ್ದು."

ಅತ್ತೆ ಬಾಗಿಲು ಬಿಟ್ಟು ಸರಿದಳು. ಹಿತ್ತಲ ಬಾಗಿಲಿನ ಹತ್ತಿರ ಹೋಗಿ ತೆರೆದಳು, ಮುಚ್ಚಿದಳು. ಕಿರ್ರ್. ಇನ್ನೊಮ್ಮೆ ತೆರೆದಳು. ನೆಲದ ಮೇಲಿನ ಕಾಗದವನ್ನು ಎತ್ತಿ ತಾನೂ ಮೂಸಿದಳು, ಕೆಳಗಿಟ್ಟಳು.

"ಆಣಿ ಮಾತ್ರ ಮುರೀಬ್ಯಾಡ," ಎಂದಳು ಕೊನೆಗೆ. "ಆಣಿ ಮಾಡಿದಾಕಿ ನೀನು, ನಾನಲ್ಲ. ನಾ ಮಾತಾಡ್ತೀನಿ ಫೋನಿನ್ಯಾಗ. ನಡಿ."

ಒಂದೇ ಕೊಡೆಯಲ್ಲಿ ಇಬ್ಬರೂ ತೊಯ್ದು ಪೋಸ್ಟ್ ಮುಟ್ಟಿದಾಗ ಒಂಬತ್ತು ಇಪ್ಪತ್ತೈದು. ಕಾರಕೂನ ಕರೆಪ್ಪ ಫೋನಿನ ಮೇಲೆ ಪ್ಲಾಸ್ಟಿಕ್ಕಿನ ಹಾಳೆ ಹೊದಿಸಿದ್ದ.

"ಜಾಂಬೋಟಿಗೇನ್ರಿ ವೈನಿ?" ಕೇಳುವ ಮೊದಲೇ ಅವನಿಗೆ ನಗು ಬಂದಿತ್ತು. "ಈರಣ್ಣ ಹೋಗಿ ಇನ್ನೂ ತಾಸ ಆಗಿಲ್ಲ."

"ಅರ್ಜೆಂಟ್ ಹಚ್ರಿ ಕರೆಪ್ಪಣ್ಣಾ."

"ಮಳ್ಯಾಗ ಆ ಲೈನ್ ಒಮ್ಮೆ ಹತ್ತತೈತಿ, ಒಮ್ಮೆ ಇಲ್ಲ. ಕುಂದರ್ರಿ."

ಕರೆಪ್ಪ ಎಕ್ಸ್‌ಚೇಂಜಿಗೆ ಹೇಳಿ ಇಟ್ಟ. ಬೆಂಚಿನ ಮೇಲೆ ಇಬ್ಬರೂ ಕೂತರು. ಗೋಡೆಯ ಗಡಿಯಾರಕ್ಕೆ ಒಂದು ನಿಮಿಷಕ್ಕೊಮ್ಮೆ ಕಟ್ಟೆಂದು ಮುಂದಕ್ಕೆ ಹಾರುವ ಮುಳ್ಳು. ಒಂಬತ್ತೂವರೆ. ಒಂಬತ್ತು ಮೂವತ್ತಾರು. ಕಾಶವ್ವ ತುಟಿಯಲ್ಲೇ ಏನೋ ಜಪಿಸುತ್ತಿದ್ದಳು. ಜಪವೆಂದು ಕಾಂತಾ ತಿಳಿದಿದ್ದಳು. ಕಿವಿಗೊಟ್ಟರೆ, "ರಬ್ಬರ್ ಪೊರಿ ಹರದೈತಿ, ಡಿಸೇಲ್ ಕೂಡೈತಿ, ರಬ್ಬರ್ ಪೊರಿ ಹರದೈತಿ" ಎಂದು ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು.

ಒಂಬತ್ತು ನಲವತ್ತೊಂದಕ್ಕೆ ಫೋನಿನ ಗಂಟೆ ಬಾರಿಸಿತು. ಕರೆಪ್ಪ ಎತ್ತಿ, ಕೇಳಿ, ಚಾಚಿದ. ಕಾಶವ್ವ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹುಟ್ಟಿದಾಗಿನಿಂದ ಅವಳು ಫೋನು ಮುಟ್ಟಿರಲಿಲ್ಲ. ಮಾತಾಡುವ ತುದಿಯನ್ನು ಕಿವಿಗೆ ಹಚ್ಚಿದ್ದಳು. ಕರೆಪ್ಪ ಎದ್ದು ತಿರುಗಿಸಿ ಕೊಟ್ಟ.

"ಯಾರಪಾ?" ಅವಳು ಕಿರುಚಿದಳು. "ನಾ ಕಾಶವ್ವ! ಎಣ್ಣಿ ಹೆಚ್ಚಾಗೇತಿ! ಎಣ್ಣಿ!"

ಆ ಕಡೆಯಿಂದ ತಮ್ಮಣ್ಣನ ದನಿ ಬೆಂಚಿನ ತನಕ ಕೇಳಿಸಿತು. "ಹೆಚ್ಚಾದ್ರ ಚಲೋ ಆತಲ್ಲವಾ ಅತ್ತಿ! ಪಂಚಮಿಗೆ ಕರ್ಚಿಕಾಯಿ ಕರೀರಿ, ನನಗೂ ನಾಕ ಕಳಸ್ರಿ!"

"ಅಲ್ಲೋ ಮಾರಾಯಾ, ಪೊರಿ..." ಬಾಯಿಪಾಠ ಮರೆತು ಹೋಯಿತು. ಅವಳ ಕಣ್ಣಲ್ಲಿ ನೀರು ಬಂತು. "ಪೊರಿ... ಗಂಗಿ..."

ಆಗ, ತಮ್ಮಣ್ಣನ ನಗುವಿನ ಹಿಂದೆ, ಮಳೆಯ ಸದ್ದಿನ ಹಿಂದೆ, ಕಾಂತಾಳಿಗೆ ಇನ್ನೊಂದು ಸದ್ದು ಕೇಳಿಸಿತು. ಟಕಟಕಟಕಟಕ. ವ್ಯಾನು ಪೋಸ್ಟಿನ ಮುಂದೆಯೇ ನಿಂತಿತ್ತು. ಮಳೆಯಲ್ಲಿ ಮತ್ತೆ ಚಾಲೂ ಆಗುವುದು ತಡವೆಂದು ಈರಣ್ಣ ಇಂಜಿನ್ನು ಬಂದ್ ಮಾಡುತ್ತಿರಲಿಲ್ಲ. ಆ ಸದ್ದು ಒಂದೇ ಮಟ್ಟದಲ್ಲಿರಲಿಲ್ಲ. ಏರುತ್ತಿತ್ತು, ತಾನಾಗಿ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು, ಯಾರೋ ಕಾಲಿಟ್ಟು ತೆಗೆಯುತ್ತಿರುವ ಹಾಗೆ.

ಅವಳು ಅತ್ತೆಯ ಕೈಯಿಂದ ಫೋನು ತೆಗೆದುಕೊಂಡಳು. ತೆಗೆದುಕೊಳ್ಳುವಾಗ ಅಂಗೈ ಸುಟ್ಟಂತಾಯಿತು. ಬಿಡಲಿಲ್ಲ.

"ತಮ್ಮಣ್ಣನವರ, ನಾ ಕಾಂತಾ. ಅವರು ಗಾಡ್ಯಾಗ ಅದಾರೇನು?"

"ಓಹೋ, ವೈನೀ! ಖರೇ ಖರೇ ಬಂತಲ್ಲಪಾ ಫೋನು! ಇಲ್ಲೆ ಅದಾನ್ರಿ, ಚೀಲಾ ಕಟ್ಟಾಕತ್ತಾನ. ಏ ಈರಣ್ಣಾ..."

"ಗಾಡ್ಯಾಗ ಯಾರ ಅದಾರ?"

"ಕೂ... ಕೂಸು ಒಂದ ಐತಿ." ಅವಳ ದನಿ ಕೇಳಿ ತಮ್ಮಣ್ಣನ ನಗು ಅರ್ಧಕ್ಕೆ ನಿಂತಿತ್ತು.

ಈರಣ್ಣ ಬಂದ. ಉಸಿರಿನಲ್ಲೇ ಸಿಟ್ಟು ಗೊತ್ತಾಗುತ್ತಿತ್ತು. "ಆಣಿ ಮರತಿಯೇನು?"

"ಮರತಿಲ್ರಿ. ಮುರದೇನಿ. ಈಗ ಬಯ್ಯಬ್ಯಾಡ್ರಿ, ಮೊದಲ ಗಂಗೀನ ಇಳಸ್ರಿ. ಆಮ್ಯಾಲ ಇಂಜಿನ್ ಬಂದ್ ಮಾಡ್ರಿ. ಗುಂಡಿ ಜಗ್ಗಿ ನಿಲ್ಲಲಿಲ್ಲಂದ್ರ ಗಾಳಿ ಎಳಿಯೂ ಬಾಯಿಗೆ ಆ ಗೋಣಿಚೀಲಾ ತುರುಕ್ರಿ. ಕೇಳ್ತೀರಿ?"

"ಹುಚ್ಚ ಹಿಡದೈತೇನು ನಿನಗ?"

"ಹೂಂ, ಹಿಡದೈತಿ. ಇಂಜಿನ್ ಸದ್ದು ಕೇಳ್ರಿ. ನೀವ ಫೋನಿನ್ಯಾಗ ಅದೀರಿ, ಒತ್ತು ಯಾರ ಕೊಡಾಕತ್ತಾರ?"

ಈರಣ್ಣನ ಉಸಿರು ಫೋನಿನಿಂದ ದೂರ ಸರಿಯಿತು. ಅವನು ಕಿವಿಗೊಡುವುದು ಅವಳಿಗೆ ತಿಳಿಯಿತು. ಡಿಸೇಲ್ ಇಂಜಿನ್ನಿನ ಜೊತೆ ನಾಲ್ಕು ವರ್ಷ ಬಾಳಿದವನು. ಫೋನು ಮೇಜಿನ ಮೇಲೆ ಧಡ್ಡೆಂದು ಬಿತ್ತು. ಓಡುವ ಚಪ್ಪಲಿಯ ಸದ್ದು.

ಕಾಂತಾ ಕಣ್ಣು ಮುಚ್ಚಿದಳು. ಮಳೆ. ಟಕಟಕ. ತಮ್ಮಣ್ಣ ಯಾರಿಗೋ "ಸರೀರಿ ಸರೀರಿ" ಎನ್ನುತ್ತಿದ್ದ. ವ್ಯಾನಿನ ಬಾಗಿಲು. ಈಗ ಗುಂಡಿ ಜಗ್ಗಿರಬೇಕು. ಹಿಂದೆಲ್ಲ ಜಗ್ಗಿದ ಕೂಡಲೇ ಎರಡು ಉಸಿರಿಗೆ ನಿಲ್ಲುತ್ತಿತ್ತು. ಅವಳು ಬೆರಳು ಮಡಚಿದಳು. ಒಂದು. ಎರಡು. ಮೂರು. ಸದ್ದು ಇಳಿಯಲಿಲ್ಲ. ನಾಲ್ಕು. ಐದು. ಏರಿತು. ಕಾಶವ್ವ ಅವಳ ಸೆರಗಿನ ತುದಿ ಹಿಡಿದು ನಿಂತಿದ್ದಳು. ಏಳು. ಎಂಟು. ಒಂದು ದೊಡ್ಡ ಕೆಮ್ಮು, ಇನ್ನೊಂದು, ಏನೋ ಉಸಿರು ಕಟ್ಟಿದ ಹಾಗೆ ಗೊರಕೆ.

ಮಳೆಯ ಸದ್ದು ಮಾತ್ರ ಉಳಿಯಿತು.

ಆಮೇಲೆ ಯಾರೋ ಫೋನು ಎತ್ತಿದರು. "ಚೀಲಾ ತುರಕಬೇಕಾತು," ಈರಣ್ಣ ಹೇಳಿದ. ಅವನ ಹಲ್ಲು ಕಟಕಟ ಅನ್ನುತ್ತಿದ್ದವು, ಮಳೆಗೋ ಏನೋ. "ಗುಂಡಿಗೆ ನಿಲ್ಲಲಿಲ್ಲ."

"ಗಂಗಿ?"

"ಮಾಸ್ತರ ಮೇಜಿನ ಮ್ಯಾಲ ಕುಂತಾಳ. ಟಪಾಲಿಗೆ ಸಿಕ್ಕಾ ಹೊಡಿಯಾಕ ಬೇಕಂತ ಅಕೀಗೆ."

ಕಾಂತಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು. "ಮಾಸ್ತರ ಹಂತ್ಯಾಕ ಮಸಿ ಒತ್ತೂ ಕಾಗದ ಇರತೈತಿ. ಎಣ್ಣಿ ಕಡ್ಡಿ ತಗದು ಒಂದು ಹನಿ ಅದರ ಮ್ಯಾಲ ಬಿಡ್ರಿ. ಏನಾಗತೈತಿ ಹೇಳ್ರಿ ನನಗ."

ಈ ಸಲ ಅವನು ಏನೂ ಕೇಳಲಿಲ್ಲ. ಹೋದ, ಬಂದ. "ಕರೀ ಚುಕ್ಕಿ ನಡಬರಕ ಕುಂತೈತಿ," ಎಂದ. ಸ್ವಲ್ಪ ತಡೆದು, "ಸುತ್ತಲೂ ಬಳಿ ಬಿಡಾಕತ್ತೈತಿ ಕಾಂತಾ. ಅಗಲ ಆಗಾಕತ್ತೈತಿ."

"ಮೂಸಿ ನೋಡ್ರಿ."

ಮೂಸಿದ ಸದ್ದು ಕೇಳಿಸಿತು. ಅವನು ಮತ್ತೊಮ್ಮೆ ಮೂಸಿದ. ಹಿಂದಿನಿಂದ ಗಂಗಿ, "ಅಪ್ಪಾ, ಅವ್ವಗ ಕೊಡು, ಅವ್ವಗ ಕೊಡು" ಎಂದು ಗಲಾಟೆ ಮಾಡುತ್ತಿದ್ದಳು.

"ಪದ್ಮವ್ವ ಹಾದಿ ಕಾಯ್ತಿರ್ತಾಳ," ಎಂದ ಈರಣ್ಣ, ಬೇರೇನು ಹೇಳಬೇಕೆಂದು ತಿಳಿಯದವನ ಹಾಗೆ.

"ಮಧ್ಯಾಹ್ನದ ಬಸ್ಸಿಗೆ ಹೋಗಿ ಕರಕೊಂಡ ಬರ್ರಿ. ಗಾಡಿ ಅಲ್ಲೇ ಇರ್ಲಿ. ನಾಗಲಿಂಗ ಮಿಸ್ತ್ರೀನ ನಾ ಕಳಸ್ತೇನಿ. ಗುಡೀಗೆ ಹೋಗಿ ಬಂದೇವಂತ ಹೇಳಿ ಕಳಸ್ತೇನಿ."

ಅಲ್ಲಿಂದ ಬಂದದ್ದು ನಗುವೋ ಬಿಕ್ಕೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ತಂತಿಯ ನಡುವೆ ಎಕ್ಸ್‌ಚೇಂಜಿನ ಹೆಣ್ಣು ದನಿ ನುಸುಳಿತು.

"ಮೂರು ಮಿನಿಟ ಮುಗದಾವ. ಇಡ್ತೀರೋ, ಮುಂದುವರಸ್ತೀರೋ?"

ಕಾಶವ್ವ ಸೆರಗು ಜಗ್ಗುತ್ತಿದ್ದಳು. ಕೂಸಿನ ದನಿ ಅವಳಿಗೂ ಕೇಳಬೇಕಿತ್ತು. ಕಾಂತಾ ಫೋನನ್ನು ಇಬ್ಬರ ಕಿವಿಯ ನಡುವೆ ಹಿಡಿದಳು.

"ಮುಂದುವರಸ್ರಿ," ಎಂದಳು. "ಕೂಸು ಮಾತಾಡತೈತಿ."